ಮೂತ್ರದ ದಾರಿ ಹುಡುಕಿದವರು

ಮೂತ್ರ ಎಲ್ಲಿ ಹುಟ್ಟುತ್ತದೆ ಎಂಬುದು ಎರಡನೆಯ ಶತಮಾನದ ರೋಮ್‌ನಲ್ಲಿ ವೈದ್ಯರ ನಡುವಿನ ದೊಡ್ಡ ಜಗಳವಾಗಿತ್ತು. ಕುಡಿದ ನೀರು ಆವಿಯಾಗಿ ಮೂತ್ರಕೋಶಕ್ಕೆ ಇಂಗುತ್ತದೆ, ಅಲ್ಲಿ ಮತ್ತೆ ನೀರಾಗುತ್ತದೆ ಎಂದು ವೈದ್ಯ ಅಸ್ಕ್ಲಿಪಿಯಾಡೀಸನ ಅನುಯಾಯಿಗಳು ವಾದಿಸುತ್ತಿದ್ದರು. ಅವರನ್ನು ವಿರೋಧಿಸಿದ ವೈದ್ಯ ಗ್ಯಾಲನ್ ವಾದಕ್ಕಷ್ಟೇ ನಿಲ್ಲಲಿಲ್ಲ. ಜೀವಂತ ಪ್ರಾಣಿಯ ಹೊಟ್ಟೆ ಸೀಳಿ, ಮೂತ್ರಪಿಂಡಗಳಿಂದ ಇಳಿಯುವ ಎರಡೂ ಮೂತ್ರನಾಳಗಳನ್ನು ದಾರದಿಂದ ಬಿಗಿದ. ಗಂಟಿನ ಮೇಲೆ ನಾಳಗಳು ಉಬ್ಬಿದವು, ಮೂತ್ರಕೋಶ ಬರಿದಾಗಿಯೇ ಉಳಿಯಿತು. ಗಂಟು ಬಿಚ್ಚಿದಾಗ ಅದು ತುಂಬಿತು. ತುಂಬಿದ ಕೋಶವನ್ನು ಹಿಂಡಿದರೂ ಮೂತ್ರ ಮೇಲಕ್ಕೆ ಮರಳಲಿಲ್ಲ. ಕಾರಣ, ಮೂತ್ರನಾಳ ಕೋಶದ ಗೋಡೆಯನ್ನು ಓರೆಯಾಗಿ ತೂರಿ ಒಳಸೇರುತ್ತದೆ. ಕೋಶ ತುಂಬಿದಷ್ಟೂ ಗೋಡೆಯೇ ನಾಳದ ಬಾಯನ್ನು ಒತ್ತಿ ಮುಚ್ಚುತ್ತದೆ. ಓದಿದರೆ ಮೈ ನಡುಗುವ ಪ್ರಯೋಗವಿದು. ಆದರೂ ಮೂತ್ರಾಂಗಗಳ ರಚನೆಯ ಅಧ್ಯಯನಕ್ಕೆ ಅಡಿಗಲ್ಲು ಬಿದ್ದದ್ದು ಅಲ್ಲೇ.

ಸುಶ್ರುತ ಸಂಹಿತೆ ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿತ್ತು: ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿಸಿದ ಹೊಸ ಮಡಕೆ ಪಕ್ಕಗಳಿಂದ ಜಿನುಗಿ ತುಂಬುವಂತೆ ಬಸ್ತಿಯೂ, ಅಂದರೆ ಮೂತ್ರಕೋಶವೂ, ತುಂಬುತ್ತದೆ. ದಾರಿಯ ವಿವರಣೆ ತಪ್ಪು, ನಿಜ. ಆದರೆ ಬಸ್ತಿಯಿಂದ ಕಲ್ಲು ತೆಗೆಯುವಾಗ ಕತ್ತಿ ತಾಗಬಾರದ ಎಂಟು ಭಾಗಗಳನ್ನು ಅದೇ ಗ್ರಂಥ ಹೆಸರಿಸಿ ಎಚ್ಚರಿಸುತ್ತದೆ. ಕೈಗೆ ಸಿಕ್ಕ ಜಾಗವನ್ನು ಆ ಶಸ್ತ್ರವೈದ್ಯರು ಚೆನ್ನಾಗಿಯೇ ಬಲ್ಲವರಾಗಿದ್ದರು.

ಯುರೋಪಿನ ಪುನರುಜ್ಜೀವನ ಕಾಲವನ್ನು ನಾವು ಹೊಗಳುವ ಮಟ್ಟಿಗೆ ಮೂತ್ರಪಿಂಡಕ್ಕೆ ಅದರಿಂದ ಲಾಭವಾಗಲಿಲ್ಲ. 1543ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಅಂಗರಚನಾಶಾಸ್ತ್ರಜ್ಞ ವೆಸಾಲಿಯಸ್ ಬರೆಸಿದ್ದು ನಾಯಿಯ ಮೂತ್ರಪಿಂಡದ ಚಿತ್ರ. ಇದನ್ನು ಟೀಕಿಸಿದ ಯೂಸ್ಟೇಶಿಯಸ್ 1564ರಲ್ಲಿ ಮನುಷ್ಯನ ಮೂತ್ರಪಿಂಡದ ಬಗ್ಗೆಯೇ ಪ್ರಬಂಧ ತಂದ.

ಒಳಗಿನ ರಚನೆ ಬಯಲಾಗಲು ಇನ್ನೊಂದು ಶತಮಾನ ಬೇಕಾಯಿತು. 1662ರಲ್ಲಿ, ಇನ್ನೂ ಹತ್ತೊಂಬತ್ತರ ಆಸುಪಾಸಿನಲ್ಲಿದ್ದ ಲೊರೆಂಜೊ ಬೆಲ್ಲಿನಿ ಮೂತ್ರಪಿಂಡವನ್ನು ಕತ್ತರಿಸಿ ಹಿಂಡಿದ. ಸಣ್ಣ ನಾಳಗಳಿಂದ ನೀರು ಒಸರಿತು. ನಾಲಗೆಗೆ ಇಟ್ಟು ನೋಡಿದ: ಉಪ್ಪು. ಗಟ್ಟಿ ಮಾಂಸವೆಂದುಕೊಂಡಿದ್ದ ಅಂಗ ನಾಳಗಳ ಕಟ್ಟು ಎಂದು ತಿಳಿಯಿತು. 1666ರಲ್ಲಿ ಮಾಲ್ಪೀಗಿ ರಕ್ತನಾಳಕ್ಕೆ ಕಪ್ಪು ದ್ರವ ತುಂಬಿ ಸೂಕ್ಷ್ಮದರ್ಶಕದಡಿ ನೋಡಿದಾಗ ಪುಟ್ಟ ಗುಂಡುಗಳು ಕಪ್ಪಾಗಿ ಕಂಡವು. ಇವಕ್ಕೂ ಬೆಲ್ಲಿನಿಯ ನಾಳಗಳಿಗೂ ನಂಟಿರಬೇಕೆಂದು ಊಹಿಸಿದನೇ ಹೊರತು ತೋರಿಸಲಾಗಲಿಲ್ಲ.

ಆ ನಂಟು ಸಿಕ್ಕಿದ್ದು 176 ವರ್ಷಗಳ ಬಳಿಕ, ಲಂಡನ್ನಿನ ವಿಲಿಯಂ ಬೋಮನ್‌ಗೆ. 1842ರಲ್ಲಿ ಅವನು ಒಂದರ ಹಿಂದೊಂದು ಎರಡು ಲವಣದ್ರಾವಣಗಳನ್ನು ರಕ್ತನಾಳಕ್ಕೆ ಹಾಯಿಸಿದ. ಅವು ಒಳಗೆ ಕೂಡಿ ಹಳದಿ ಗಸಿಯಾದವು. ಕೆಲವೆಡೆ ಬಣ್ಣ ಗುಂಡಿನ ಲೋಮನಾಳಗಳನ್ನು ಒಡೆದು ನೇರ ನಾಳಕ್ಕೆ ನುಗ್ಗಿತು. ಗುಂಡನ್ನು ಸುತ್ತಿದ ತೆಳುಪೊರೆಯೇ ನಾಳದ ಆರಂಭ! ಈ ಇತಿಹಾಸದಲ್ಲಿ ಒಂದೇ ಘಟನೆಯನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ, ಏಕೆಂದರೆ ರಕ್ತದಿಂದ ಮೂತ್ರದವರೆಗಿನ ದಾರಿ ಇಲ್ಲಿ ಕೂಡಿಕೊಂಡಿತು. ಅದೇ ವರ್ಷ ಜರ್ಮನಿಯ ಕಾರ್ಲ್ ಲೂಡ್ವಿಗ್, ರಕ್ತದ ಒತ್ತಡದಿಂದ ಗುಂಡಿನಲ್ಲಿ ಸೋಸುವಿಕೆ, ಮುಂದೆ ನಾಳದಲ್ಲಿ ಮರುಹೀರಿಕೆ ಎಂದು ವಾದಿಸಿದ. 1924ರಲ್ಲಿ ವರ್ನ್ ಮತ್ತು ರಿಚರ್ಡ್ಸ್ ಕಪ್ಪೆಯ ಮೂತ್ರಪಿಂಡದ ಒಂದು ಗುಂಡಿನಿಂದಲೇ ದ್ರವ ಎಳೆದು ಪರೀಕ್ಷಿಸಿದರು. ಅದರಲ್ಲಿ ಸಕ್ಕರೆಯಿತ್ತು, ಮೂತ್ರಕೋಶದ ಮೂತ್ರದಲ್ಲಿ ಇರಲಿಲ್ಲ. ಲೂಡ್ವಿಗ್‌ನ ಮಾತಿಗೆ ಆಧಾರ ದೊರೆಯಿತು. ದಿನಕ್ಕೆ ಸುಮಾರು 180 ಲೀಟರ್ ಸೋಸಿ ಒಂದೂವರೆ ಲೀಟರನ್ನಷ್ಟೇ ಹೊರಬಿಡುವ ನಮ್ಮ ಮೂತ್ರಪಿಂಡದ ಲೆಕ್ಕ ಅರ್ಥವಾಗುವುದೂ ಹಾಗೆಯೇ.

ಶಸ್ತ್ರವೈದ್ಯರಿಗೆ ಬೇಕಾದ ನಕ್ಷೆ ಬೇರೆ. 1877ರಲ್ಲಿ ಮ್ಯಾಕ್ಸ್ ನಿಟ್ಸೆಯ ದರ್ಶಕ ಮೂತ್ರಕೋಶದೊಳಗೆ ಬೆಳಕು ತಂದಿತು. 1901ರಲ್ಲಿ ಬಾಲ್ಟಿಮೋರ್‌ನ ವೈದ್ಯಕೀಯ ಚಿತ್ರಕಾರ ಮ್ಯಾಕ್ಸ್ ಬ್ರೋಡೆಲ್, ಮೂತ್ರಪಿಂಡದ ಹೊರಅಂಚಿಗೆ ತುಸು ಹಿಂದೆ ರಕ್ತನಾಳ ವಿರಳವಾದ ರೇಖೆಯನ್ನು ಗುರುತಿಸಿದ. 1954ರಲ್ಲಿ ಶಸ್ತ್ರವೈದ್ಯ ಗ್ರೇವ್ಸ್ ಅಪಧಮನಿಗಳು ಹಂಚಿಕೊಂಡ ಐದು ವಿಭಾಗಗಳನ್ನು ತೋರಿಸಿದ. ಒಂದು ವಿಭಾಗದ ಅಪಧಮನಿ ಕತ್ತರಿಸಿದರೆ ಪಕ್ಕದ್ದು ಅದಕ್ಕೆ ನೆರವಾಗದು. ಬೆನ್ನಿನ ಸಣ್ಣ ರಂಧ್ರದಿಂದ ಕಲ್ಲು ತೆಗೆಯುವ ಇಂದಿನ ವೈದ್ಯರೂ ಈ ನಕ್ಷೆಗಳನ್ನೇ ನಂಬಿ ಸೂಜಿ ಇಳಿಸುತ್ತಾರೆ.

ಈಗಿನ ಪ್ರಶ್ನೆ ಸಂಖ್ಯೆಯದು. ಒಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದ ಆಸುಪಾಸು ನೆಫ್ರಾನ್‌ಗಳಿದ್ದರೂ (ಒಂದು ಗುಂಡು, ಅದರ ನಾಳ ಸೇರಿದರೆ ಒಂದು ನೆಫ್ರಾನ್), ಒಬ್ಬರಿಂದೊಬ್ಬರಿಗೆ ಹಲವು ಪಟ್ಟು ವ್ಯತ್ಯಾಸವಿದೆ. ಅಪಘಾತದಲ್ಲಿ ಮಡಿದವರ ಮೂತ್ರಪಿಂಡಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನದಲ್ಲಿ, ಅಧಿಕ ರಕ್ತದೊತ್ತಡವಿದ್ದ ಹತ್ತು ಜನರ ನೆಫ್ರಾನ್ ಸಂಖ್ಯೆ ಉಳಿದ ಹತ್ತು ಜನರ ಸುಮಾರು ಅರ್ಧದಷ್ಟಿತ್ತು. ಅಧ್ಯಯನ ಚಿಕ್ಕದು, ಸೂಚನೆ ದೊಡ್ಡದು. ಹೆರಿಗೆಗೆ ಕೆಲವು ವಾರ ಮೊದಲೇ ನೆಫ್ರಾನ್ ರಚನೆ ನಿಂತುಬಿಡುತ್ತದೆ, ಆಮೇಲೆ ಹೊಸದು ಹುಟ್ಟದು. ಕಡಿಮೆ ತೂಕದ, ಹಾಗಾಗಿ ನೆಫ್ರಾನ್‌ಗಳೂ ಕಡಿಮೆಯಿರಬಹುದಾದ ಮಕ್ಕಳು ಅಪಾರ ಸಂಖ್ಯೆಯಲ್ಲಿ ಹುಟ್ಟುವ ನಮ್ಮಂಥ ದೇಶದಲ್ಲಿ, ಗರ್ಭಿಣಿಯ ಊಟದ ತಟ್ಟೆಯೂ ಈ ಅಂಗರಚನೆಯ ಅಧ್ಯಯನಕ್ಕೆ ಸೇರಲೇಬೇಕು.