ಡಿಮೆನ್ಶಿಯಾ: ಬೇಗ ಗುರುತಿಸುವ ಮತ್ತು ತಡೆಯುವ ಸಂಶೋಧನೆ

ನೆನಪು, ಮಾತು, ಲೆಕ್ಕಾಚಾರ, ದಾರಿಯ ಗುರುತು ಒಂದೊಂದಾಗಿ ಕುಗ್ಗಿ, ನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆಸರೆ ಬೇಕಾಗುವ ಸ್ಥಿತಿಯೇ ಡಿಮೆನ್ಶಿಯಾ. ಮಿದುಳನ್ನು ಕೆಡಿಸುವ ಹಲವು ರೋಗಗಳು ಇದನ್ನು ತರುತ್ತವೆ; ಅವುಗಳಲ್ಲಿ ಆಲ್‌ಝೈಮರ್ ಅತಿ ಸಾಮಾನ್ಯವಾದದ್ದು. ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಮುಪ್ಪಿನ ಸಹಜ ಮರೆವನ್ನೂ ರೋಗವನ್ನೂ ಒಂದೇ ಬುಟ್ಟಿಗೆ ಹಾಕಿಬಿಟ್ಟಿದೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಮರೆವು. ನಲವತ್ತು ವರ್ಷ ಮಾಡಿದ ಸಾರಿಗೆ ಏನೇನು ಹಾಕಬೇಕೆಂದು ತೋಚದೆ ಒಲೆಯ ಮುಂದೆ ನಿಂತುಬಿಡುವುದು ರೋಗದ ಸೂಚನೆ.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ತೀರಿಕೊಂಡ ರೋಗಿಯೊಬ್ಬಳ ಮಿದುಳಿನಲ್ಲಿ ಕಂಡ ಕಲೆಗಳನ್ನೂ ಗಂಟುಗಳನ್ನೂ ವಿವರಿಸಿದರು. ಈ ಕಲೆಗಳು ಅಮೈಲಾಯ್ಡ್ ಪ್ರೋಟೀನಿನವು, ಗಂಟುಗಳು ಟಾವ್ ಪ್ರೋಟೀನಿನವು. ಬದುಕಿರುವವರ ಮಿದುಳಿನಲ್ಲಿ ಅಮೈಲಾಯ್ಡ್ ಅನ್ನು ತೋರಿಸಿದ ಪೆಟ್ ಸ್ಕ್ಯಾನ್ ಚಿತ್ರಗಳು ಪ್ರಕಟವಾಗಲು 2004ರವರೆಗೆ ಕಾಯಬೇಕಾಯಿತು. ಲಕ್ಷಣ ಕಾಣುವ 15–20 ವರ್ಷ ಮೊದಲೇ ಇದು ಶೇಖರವಾಗತೊಡಗುತ್ತದೆ ಎಂಬ ತಿಳಿವಳಿಕೆ ಸಂಶೋಧನೆಯ ದಿಕ್ಕನ್ನೇ ಬದಲಿಸಿತು. ಇಂದು ಟಾವ್‌ನ ಒಂದು ರೂಪವನ್ನು ರಕ್ತದಲ್ಲೇ ಅಳೆಯಬಹುದು. 2025ರ ಮೇ ತಿಂಗಳಲ್ಲಿ ಅಮೆರಿಕ ಇಂಥ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಆದರೆ ಅದು ಈಗಾಗಲೇ ಲಕ್ಷಣ ಇರುವವರಿಗೆ ಮಾತ್ರ.

ನಮ್ಮಲ್ಲಿ ತೊಡಕು ಇನ್ನೂ ಮೊದಲ ಹೆಜ್ಜೆಯಲ್ಲೇ ಇದೆ. ಗಡಿಯಾರದ ಚಿತ್ರ ಬಿಡಿಸಿ ಹನ್ನೊಂದು ಹತ್ತು ತೋರಿಸಿ ಎಂದು ಕೇಳುವ ಪರೀಕ್ಷೆ ಹೆಸರುವಾಸಿ. ಬದುಕಿನಲ್ಲಿ ಪೆನ್ಸಿಲ್ಲನ್ನೇ ಹಿಡಿಯದ ಅಜ್ಜಿ ಅದರಲ್ಲಿ ಸೋತರೆ ಅದು ಶಾಲೆಯ ಕೊರತೆ, ಮಿದುಳಿನ ಕೊರತೆಯಲ್ಲ. ಒಂದು ನಿಮಿಷದಲ್ಲಿ ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದರೆ ಅದೇ ಅಜ್ಜಿ ಎಮ್ಮೆ, ಮೇಕೆ, ಮುಂಗುಸಿ, ಉಡ ಎಂದು ಸಾಲಾಗಿ ಹೇಳಿಯಾಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಪರೀಕ್ಷಾಮಾಲೆ ರೂಪಿಸಿರುವುದು ಈ ಕಾರಣಕ್ಕೇ. ದುಬಾರಿ ಸ್ಕ್ಯಾನ್‌ಗಿಂತ ಇದು ನಮಗೆ ಹೆಚ್ಚು ಮುಖ್ಯ.

ಕೋಲಾರ ಜಿಲ್ಲೆಯ ಮಾವಿನ ತೋಟಗಳ ನಾಡು ಶ್ರೀನಿವಾಸಪುರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷವರ್ಷ ಹಿಂಬಾಲಿಸುವುದು ಅದರ ಗುರಿ. ಆರೋಗ್ಯವಂತರಲ್ಲಿ ಯಾರಿಗೆ, ಯಾವಾಗ, ಏಕೆ ರೋಗ ಬರುತ್ತದೆ ಎಂಬುದನ್ನು ಹೀಗೆ ಕಾದು ನೋಡಿಯೇ ತಿಳಿಯಬೇಕು. ಪಾಶ್ಚಾತ್ಯ ನಗರವಾಸಿಗಳ ಅಂಕಿಗಳನ್ನು ಇಲ್ಲಿನ ರೈತರಿಗೆ ಅನ್ವಯಿಸಲಾಗದು. ಹೈದರಾಬಾದಿನಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶವೂ ಈ ನೆಲದ್ದೇ: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು, ಓದುಬರಹ ಬಾರದವರಲ್ಲೂ. ಬೇರೆಡೆಯ ಕೆಲವು ಅಧ್ಯಯನಗಳು ಇದನ್ನು ಅನುಮೋದಿಸಿಲ್ಲ.

ತಡೆಯ ವಿಷಯದಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ 14 ಅಂಶಗಳನ್ನು ಹೆಸರಿಸಿ, ಅವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಶೇ. 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ಒಂಟಿತನ, ಕಲುಷಿತ ಗಾಳಿ ಅದರಲ್ಲಿವೆ. ಫಿನ್ಲೆಂಡಿನಲ್ಲಿ 1,260 ಹಿರಿಯರ ಮೇಲೆ ನಡೆದ ಪ್ರಯೋಗದಲ್ಲಿ ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತನಾಳಗಳ ಆರೈಕೆ ಎಲ್ಲವನ್ನೂ ಒಟ್ಟಿಗೆ ಪಾಲಿಸಿದವರು ಎರಡೇ ವರ್ಷದಲ್ಲಿ ಬುದ್ಧಿಪರೀಕ್ಷೆಗಳಲ್ಲಿ ಮುಂದಿದ್ದರು; ಲಾಭ ಚಿಕ್ಕದಾದರೂ ಸ್ಪಷ್ಟವಾಗಿತ್ತು.

ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆಮತ್ತೆ ಕೇಳತೊಡಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ಬಿ12 ಕೊರತೆಯಿಂದ, ಥೈರಾಯ್ಡ್ ತೊಂದರೆಯಿಂದ, ಖಿನ್ನತೆಯಿಂದ ಬರುವ ಮರೆವೂ ಡಿಮೆನ್ಶಿಯಾದಂತೆಯೇ ಕಾಣಬಹುದು, ಮತ್ತು ಇವುಗಳಿಗೆ ಚಿಕಿತ್ಸೆ ಇದೆ.