ಟ್ರೂನಾಟ್ ಪರೀಕ್ಷೆಯ ಪತ್ತೆ ಪ್ರಮಾಣ: 91 ಮತ್ತು 73ರ ನಡುವಿನ ಅಂತರ

1. ವ್ಯಾಪ್ತಿ

ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು ಗೋವಾದ ಮಾಲ್‌ಬಯೋ ಕಂಪನಿಯ ಮೂಲಕ ಬಳಕೆಗೆ ಬಂದ ಟ್ರೂನಾಟ್, ಕಫದಲ್ಲಿರುವ ಕ್ಷಯಾಣುವಿನ ಡಿಎನ್‌ಎಯನ್ನು ಸುಮಾರು ಒಂದು ಗಂಟೆಯಲ್ಲಿ ಗುರುತಿಸುವ ಚಿಪ್ ಆಧಾರಿತ ಪಿಸಿಆರ್ ಪರೀಕ್ಷೆ. ಯಂತ್ರ ಬ್ಯಾಟರಿಯಿಂದಲೂ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಗೆ 2020ರಲ್ಲೇ ಎರಡು ದಿನಾಂಕಗಳು ಸಿಗುತ್ತವೆ. ಜನವರಿಯದು ತ್ವರಿತ ಪ್ರಕಟಣೆ. ಮಾರ್ಗಸೂಚಿ ಹೊರಬಂದದ್ದು ವರ್ಷದ ನಡುಭಾಗದಲ್ಲಿ. ಉಲ್ಲೇಖಿಸುವವರು ಎರಡನ್ನೂ ಬೇರೆಯಾಗಿ ನಮೂದಿಸುವುದು ಒಳ್ಳೆಯದು.

ಈ ಟಿಪ್ಪಣಿಯಲ್ಲಿ ‘ಪತ್ತೆ ಪ್ರಮಾಣ’ ಎಂದರೆ ರೋಗವಿರುವವರಲ್ಲಿ ಪಾಸಿಟಿವ್ ಬಂದವರ ಶೇಕಡಾವಾರು. ‘ನಿರ್ದಿಷ್ಟತೆ’ ಎಂದರೆ ರೋಗವಿಲ್ಲದವರಲ್ಲಿ ನೆಗೆಟಿವ್ ಬಂದವರದು.

2. ಎರಡು ಅಂಕಿಗಳು

(ಅ) 2013ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾದ ಮುಂಬೈ ಅಧ್ಯಯನ: 226 ಕಫ ಮಾದರಿಗಳು, ಪತ್ತೆ ಪ್ರಮಾಣ ಶೇ. 91.1, ನಿರ್ದಿಷ್ಟತೆ ಶೇ. 100.

(ಆ) 2021ರಲ್ಲಿ ‘ಯುರೋಪಿಯನ್ ರೆಸ್ಪಿರೇಟರಿ ಜರ್ನಲ್’ ಪ್ರಕಟಿಸಿದ, ಭಾರತ, ಇಥಿಯೋಪಿಯಾ, ಪೆರು ಮತ್ತು ಪಪುವಾ ನ್ಯೂಗಿನಿಗಳಲ್ಲಿ ನಡೆದ ಅಧ್ಯಯನ: ನೋಂದಾಯಿತರು 1,807. ಸೂಕ್ಷ್ಮದರ್ಶಕ ಕೇಂದ್ರಗಳಲ್ಲಿ ‘ಎಂಟಿಬಿ’ ಚಿಪ್‌ನ ಪತ್ತೆ ಪ್ರಮಾಣ ಶೇ. 73, ನಿರ್ದಿಷ್ಟತೆ ಶೇ. 98, ‘ಎಂಟಿಬಿ ಪ್ಲಸ್’ ಚಿಪ್‌ನದು ಕ್ರಮವಾಗಿ ಶೇ. 80 ಮತ್ತು ಶೇ. 96.

ಪ್ರಚಾರ ಬರಹಗಳಲ್ಲಿ (ಅ)ದ ‘ಶೇ. 100’ ಸುಲಭವಾಗಿ ನುಸುಳಬಲ್ಲದು. ಅದರ ಛೇದ, ಅಂದರೆ ರೋಗವಿಲ್ಲದವರ ಮಾದರಿಗಳು, 35 ಮಾತ್ರ. 35ಕ್ಕೆ 35 ಸರಿಬಂದರೂ, ಶೇ. 95 ವಿಶ್ವಾಸಾಂತರದ ಕೆಳಮಿತಿ ನಮ್ಮ ಲೆಕ್ಕದಂತೆ ಸುಮಾರು ಶೇ. 90ಕ್ಕೆ ಇಳಿಯುತ್ತದೆ. ಹೀಗಾಗಿ ಶೇ. 100 ಮತ್ತು ಶೇ. 98ರ ನಡುವೆ ವಿರೋಧವಿದೆ ಎನ್ನಲಾಗದು. ಪತ್ತೆ ಪ್ರಮಾಣದ ವಿಷಯ ಹಾಗಲ್ಲ. ರೋಗಿಗಳ 191 ಮಾದರಿಗಳಲ್ಲಿ 174 ಪಾಸಿಟಿವ್ ಎಂಬುದು ಸಣ್ಣ ಮಾದರಿಯ ಏರುಪೇರಿನಿಂದಷ್ಟೇ ಶೇ. 73ಕ್ಕೆ ಇಳಿಯುವಂಥದ್ದಲ್ಲ.

3. ಅಂತರದ ಮೂಲ

ಮೊದಲು ಸಂಶಯ ಬರುವುದು ರೋಗವಿದೆಯೇ ಎಂದು ತೀರ್ಮಾನಿಸಿದ ಮಾನದಂಡದ ಮೇಲೆ. (ಆ)ದಲ್ಲಿ ಅದು ಕಲ್ಚರ್, ಅಂದರೆ ಕ್ಷಯಾಣುವನ್ನು ಬೆಳೆಸಿ ನೋಡುವ ಪರೀಕ್ಷೆ. (ಅ)ದಲ್ಲಿ ಸ್ಮಿಯರ್ (ಸೂಕ್ಷ್ಮದರ್ಶಕ ಪರೀಕ್ಷೆ), ಕಲ್ಚರ್ ಮತ್ತು ರೋಗಲಕ್ಷಣಗಳನ್ನು ಕೂಡಿಸಿದ ಸಂಯುಕ್ತ ಮಾನದಂಡ. ಆದರೆ ಸಂಯುಕ್ತ ಮಾನದಂಡವು ಕಲ್ಚರ್‌ನಲ್ಲಿ ಬೆಳೆಯದ ರೋಗಿಗಳನ್ನೂ ಒಳಗೊಳ್ಳುವುದರಿಂದ ಸಾಮಾನ್ಯವಾಗಿ ಪತ್ತೆ ಪ್ರಮಾಣವನ್ನು ತಗ್ಗಿಸುತ್ತದೆ. ಅಂತರ ಇಲ್ಲಿ ವಿರುದ್ಧ ದಿಕ್ಕಿನಲ್ಲಿದೆ. ಆದ್ದರಿಂದ ಮಾನದಂಡವೊಂದೇ ಕಾರಣವಾಗಿರುವ ಸಾಧ್ಯತೆ ಕಡಿಮೆ.

ಹೆಚ್ಚು ಸಂಭವನೀಯವಾದದ್ದು ರೋಗಿಗಳ ಗುಂಪಿನ ಭೇದ. ಮುಂಬೈ ಮಾದರಿಗಳಲ್ಲಿ 226ಕ್ಕೆ 191, ಅಂದರೆ ಶೇ. 84.5, ರೋಗಿಗಳವು, ಬಹುದೇಶ ಅಧ್ಯಯನದಲ್ಲಿ ಕಲ್ಚರ್ ಪಾಸಿಟಿವ್ ಆದವರು ಶೇ. 24. ರೋಗಿಗಳ ಪಾಲು ಹೆಚ್ಚಿದ್ದ ಮಾತ್ರಕ್ಕೆ ಪತ್ತೆ ಪ್ರಮಾಣ ಏರುವುದಿಲ್ಲ, ನಿಜ. ಆದರೆ ಅಂಥ ಗುಂಪಿನಲ್ಲಿ ಕಫದಲ್ಲಿ ಕ್ಷಯಾಣು ದಟ್ಟವಾಗಿರುವವರು ಹೆಚ್ಚಿರುವುದುಂಟು. ಸ್ಮಿಯರ್ ನೆಗೆಟಿವ್ ಮಾದರಿಗಳಲ್ಲಿ (ಆ)ದ ಪತ್ತೆ ಪ್ರಮಾಣ ಎಂಟಿಬಿಗೆ ಶೇ. 36, ಪ್ಲಸ್‌ಗೆ ಶೇ. 47ಕ್ಕೆ ಕುಸಿದಿರುವುದು ಈ ಊಹೆಗೆ ಅನುಕೂಲವಾಗಿದೆ. ಹೊಸ ಪರೀಕ್ಷೆಗಳು ಹೇಗಿರಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ 2014ರ ಗುರಿ ವಿವರಣೆ ಇಂಥ ಮಾದರಿಗಳಿಗೆ ಕನಿಷ್ಠ ಶೇ. 60 ಬಯಸಿತ್ತು.

ಮೂರನೆಯದು ಕೈಕೆಲಸ. ಕ್ಷಯ ಪತ್ತೆಯ ಇನ್ನೊಂದು ಪಿಸಿಆರ್ ಪರೀಕ್ಷೆಯಾದ ಸಿಬಿನ್ಯಾಟ್‌ನಲ್ಲಿ ಕಾರ್ಟ್ರಿಡ್ಜ್ ಯಂತ್ರ ಸೇರಿದ ಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಟ್ರೂನಾಟ್‌ನಲ್ಲಿ ಬೇರ್ಪಡಿಸಿದ ಡಿಎನ್‌ಎಯ 6 ಮೈಕ್ರೋಲೀಟರನ್ನು ತಂತ್ರಜ್ಞರು ಪಿಪೆಟ್‌ನಿಂದ ಮೊದಲು ಒಣ ರಾಸಾಯನಿಕವಿರುವ ಪುಟ್ಟ ಕೊಳವೆಗೆ, ಅಲ್ಲಿಂದ ಚಿಪ್‌ನ ಕುಳಿಗೆ ಹಾಕಬೇಕು. ಇದರ ಪಾಲು ಎಷ್ಟೆಂದು ಬಿಡಿಸಿ ಹೇಳಲು ಮೇಲಿನ ಅಂಕಿಗಳು ಸಾಲವು. ರೆಫರೆನ್ಸ್ ಪ್ರಯೋಗಾಲಯಗಳಲ್ಲಿ ನಡೆದ ನೇರ ಹೋಲಿಕೆಯಲ್ಲಿ ಎರಡೂ ಚಿಪ್‌ಗಳು ಸಿಬಿನ್ಯಾಟ್‌ಗೆ ಸಮೀಪವಾಗಿಯೇ ನಿಂತವೆಂಬುದನ್ನೂ ಇಲ್ಲಿ ಗಮನಿಸಬೇಕು. ಎಂಟು ವರ್ಷಗಳಲ್ಲಿ ಚಿಪ್ ಬದಲಾಗದೇ ಉಳಿದಿತ್ತೆಂದು ಭಾವಿಸುವುದೂ ಸಲ್ಲದು.

4. ‘ಪ್ಲಸ್’ ತರುವ ಲಾಭ

(ಆ)ದ ಅಂಕಿಗಳನ್ನು 1,000 ಜನರಿಗೆ ಅನ್ವಯಿಸಿದರೆ, ರೋಗಿಗಳು 240 ಇದ್ದಾಗ ಪ್ಲಸ್ ಚಿಪ್ ಸುಮಾರು 17 ರೋಗಿಗಳನ್ನು ಹೆಚ್ಚು ಹಿಡಿಯುತ್ತದೆ, ಜೊತೆಗೆ ಸುಮಾರು 15 ಹುಸಿ ಪಾಸಿಟಿವ್‌ಗಳನ್ನೂ ಹೆಚ್ಚಿಸುತ್ತದೆ. ರೋಗಿಗಳು 50 ಮಾತ್ರ ಇದ್ದರೆ ಹೆಚ್ಚುವರಿ ಪತ್ತೆ 3–4, ಹುಸಿ 19. ಇದು ಮಧ್ಯಬಿಂದುಗಳ ಮೇಲಿನ ಲೆಕ್ಕ, ವಿಶ್ವಾಸಾಂತರಗಳನ್ನು ಸೇರಿಸಿಲ್ಲ. ಕಲ್ಚರ್ ಕೂಡ ರೋಗಿಗಳನ್ನು ಬಿಟ್ಟುಬಿಡಬಹುದಾದ್ದರಿಂದ ‘ಹುಸಿ’ಗಳಲ್ಲಿ ಕೆಲವು ನಿಜವೇ ಇರಬಹುದು.

ದಕ್ಷಿಣ ಭಾರತದ ಮಟ್ಟಿಗೆ ಇನ್ನೊಂದು ಎಚ್ಚರಿಕೆ. ಎಂಟಿಬಿ ಚಿಪ್ ಹುಡುಕುವುದು ಎನ್‌ಆರ್‌ಡಿಬಿ ಜೀನನ್ನು. ಪ್ಲಸ್ ಹುಡುಕುವುದು ಎನ್‌ಆರ್‌ಡಿಝಡ್ ಮತ್ತು ಐಎಸ್‌6110 ಎಂಬ ಎರಡನ್ನು. ಐಎಸ್‌6110 ಒಂದೇ ಕ್ಷಯಾಣುವಿನಲ್ಲಿ ಹಲವು ಪ್ರತಿಗಳಲ್ಲಿ ಇರುವುದರಿಂದ ಪತ್ತೆಗೆ ಅನುಕೂಲ. ಆದರೆ ದಕ್ಷಿಣ ಭಾರತದ ಕ್ಷಯಾಣುಗಳಲ್ಲಿ ಒಂದು ಭಾಗಕ್ಕೆ ಅದರ ಒಂದೇ ಪ್ರತಿ ಇರುವುದು, ಕೆಲವಕ್ಕೆ ಒಂದೂ ಇಲ್ಲದಿರುವುದು 1990ರ ದಶಕದಿಂದಲೇ ದಾಖಲಾಗಿದೆ. ಎರಡನೆಯ ಗುರಿ ಇರುವುದರಿಂದ ಇಂಥ ಕ್ಷಯಾಣು ಪೂರ್ತಿ ತಪ್ಪಿಸಿಕೊಳ್ಳಲಾರದು. ‘ಪ್ಲಸ್’ನ ಹೆಚ್ಚುವರಿ ಲಾಭ ಮಾತ್ರ ಇಲ್ಲಿ ಕುಗ್ಗಬಹುದು.

5. ಬೆಲೆ

ಮೇಲಿನ 2014ರ ಗುರಿ ವಿವರಣೆ ಒಂದು ಪರೀಕ್ಷೆಯ ಸಾಮಗ್ರಿಗೆ ಗರಿಷ್ಠ 6 ಡಾಲರ್, ಮೇಲಾಗಿ 4 ಡಾಲರಿಗಿಂತ ಕಡಿಮೆ ಎಂದಿತ್ತು. ಸಿಬಿನ್ಯಾಟ್ ಕಾರ್ಟ್ರಿಡ್ಜ್‌ನ ರಿಯಾಯಿತಿ ದರ 2012ರಿಂದ 9.98 ಡಾಲರ್, 2023ರ ಸೆಪ್ಟೆಂಬರಿನಲ್ಲಿ 7.97ಕ್ಕೆ ಇಳಿಯಿತು. ಎಂಎಸ್‌ಎಫ್ (ಮೆಡಿಸಾಂ ಸಾನ್ ಫ್ರಾಂತಿಯೇರ್) ಸಂಸ್ಥೆ ಮಾಡಿಸಿದ ವಿಶ್ಲೇಷಣೆ ಅದರ ತಯಾರಿಕಾ ವೆಚ್ಚವನ್ನು 2.95ರಿಂದ 4.64 ಡಾಲರ್ ಎಂದು ಅಂದಾಜಿಸಿತ್ತು. ಟ್ರೂನಾಟ್‌ನೊಡನೆ ಹೋಲಿಸುವಾಗ ಛೇದವನ್ನು ಸ್ಪಷ್ಟಪಡಿಸಬೇಕು: ಸಿಬಿನ್ಯಾಟ್‌ನ ಒಂದೇ ಕಾರ್ಟ್ರಿಡ್ಜ್ ರಿಫಾಂಪಿಸಿನ್ ನಿರೋಧವನ್ನೂ ತಿಳಿಸುತ್ತದೆ, ಟ್ರೂನಾಟ್‌ನಲ್ಲಿ ಅದಕ್ಕೆ ಎರಡನೆಯ ಚಿಪ್ ಬೇಕು, ಅದೂ ಪಾಸಿಟಿವ್ ಬಂದವರಿಗೆ ಮಾತ್ರ.