ಕಾಡಿಗೆಯ ಕಪ್ಪು, ಗ್ರ್ಯಾಫೀನ್‌ನ ಕಪ್ಪು: ಬೆಳಕು ಹೀರುವ ಇಂಗಾಲದ ಚರಿತ್ರೆಗೊಂದು ಟಿಪ್ಪಣಿ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್, ಮನ್ನಾಏಖೇಳ್ಳಿ ಪರಿಸರದ ಜನಪದ ತಂತ್ರಜ್ಞಾನವನ್ನು ಅಭ್ಯಸಿಸುವವರಿಗೆ ಕಪ್ಪು ಎಂಬುದು ಸುಪರಿಚಿತ ವಸ್ತು. ಹರಳೆಣ್ಣೆ ದೀಪದ ಕುಡಿಯ ಮೇಲೆ ತಟ್ಟೆ ಬೋರಲಿಟ್ಟು ಹಿಡಿದ ಕಾಡಿಗೆ, ಒಲೆಯ ಇದ್ದಿಲು, ಬಿದರಿ ಪಾತ್ರೆಯ ಮೈಬಣ್ಣ ಇವೆಲ್ಲ ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿವೆ. ಈ ಸಾಲಿಗೆ ಗ್ರ್ಯಾಫೀನನ್ನೂ ಸೇರಿಸಿ, ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ತಿಳಿದಿತ್ತೆಂದು ಬರೆದುಬಿಡುವ ಆಕರ್ಷಣೆ ಜಾನಪದ ವಿದ್ವಾಂಸರಿಗೆ ಸಹಜವಾದುದು. ಹಾಗೆ ಬರೆಯುವುದರಿಂದ ಎರಡು ಚರಿತ್ರೆಗಳೂ ಕೆಡುತ್ತವೆ. ಕಾಡಿಗೆ ಹಿಡಿದವರ ಜ್ಞಾನವೂ ಮಸುಕಾಗುತ್ತದೆ, ಕರ್ನಾಟಕದಲ್ಲಿಯೇ 2009ರಲ್ಲಿ ನಡೆದ ಒಂದು ಮಹತ್ತ್ವದ ಸಂಶೋಧನೆಯೂ ಮರೆಯಾಗುತ್ತದೆ.

ಕಪ್ಪೆಲ್ಲವೂ ಒಂದೇ ಅಲ್ಲವೆಂಬುದನ್ನು ಮೊದಲು ಗಮನಿಸಬೇಕು. ಬಿದರಿಯ ಕಪ್ಪಿಗೂ ಇಂಗಾಲಕ್ಕೂ ಸಂಬಂಧವಿಲ್ಲ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಬೀದರ್ ಕೋಟೆಯ ಮಣ್ಣು ಹಾಗೂ ನವಸಾಗರದ ದ್ರಾವಣದಲ್ಲಿ ಕಾಯಿಸಿದಾಗ ಲೋಹದ ಮೈ ಕಪ್ಪಾಗುತ್ತದೆ, ಕೆತ್ತಿ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕಾಡಿಗೆಯಾದರೋ ಇಂಗಾಲವೇ. ಸೀಸದ ಕಡ್ಡಿಯೊಳಗಿನ ಗ್ರ್ಯಾಫೈಟ್ ಕೂಡ ಇಂಗಾಲವೇ ಆಗಿದ್ದು, ಇದನ್ನು 1779ರಲ್ಲಿ ಷೀಲೆ ತೋರಿಸಿಕೊಟ್ಟನು. ಆದರೂ ಅದರಲ್ಲಿಲ್ಲದ ಸೀಸ ಕನ್ನಡದ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಗ್ರ್ಯಾಫೈಟ್‌ನ ಅಸಂಖ್ಯ ಪದರಗಳಲ್ಲಿ ಒಂದೇ ಒಂದನ್ನು, ಅಂದರೆ ಒಂದು ಪರಮಾಣುವಿನಷ್ಟು ದಪ್ಪದ ಹಾಳೆಯನ್ನು, ಗ್ರ್ಯಾಫೀನ್ ಎನ್ನುತ್ತಾರೆ. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅದನ್ನು ಅಂಟುಪಟ್ಟಿಯಿಂದ ಎಬ್ಬಿಸಿ ಬೇರ್ಪಡಿಸಿದರು. ಅಂಥ ಒಂದು ಹಾಳೆ ತನ್ನ ಮೇಲೆ ಬಿದ್ದ ಬೆಳಕಿನ ಶೇ. 2.3ರಷ್ಟನ್ನು ಹೀರುತ್ತದೆಂದು 2008ರಲ್ಲಿ ಅದೇ ಊರಿನ ಪ್ರಯೋಗಾಲಯದಿಂದ ವರದಿಯಾಯಿತು. ಒಂದೇ ಪರಮಾಣುವಿನ ದಪ್ಪಕ್ಕೆ ಇದು ಬಹಳವೇ ಸರಿ.

ಆದರೆ ಲೇಸರ್ ತಜ್ಞರನ್ನು ಸೆಳೆದದ್ದು ಗ್ರ್ಯಾಫೀನ್ ಬೆಳಕನ್ನು ಹೀರುವ ಗುಣವಲ್ಲ, ಹೀರುವುದನ್ನು ನಿಲ್ಲಿಸುವ ಗುಣ. ಮಂದ ಬೆಳಕನ್ನು ಅದು ನುಂಗುತ್ತದೆ. ಬೆಳಕು ತೀವ್ರವಾದಂತೆ ಮೇಲಿನ ಶಕ್ತಿಸ್ಥಾನಗಳನ್ನು ಎಲೆಕ್ಟ್ರಾನ್‌ಗಳು ತುಂಬಿಕೊಂಡು, ಇನ್ನು ಹೀರಲು ಜಾಗವಿಲ್ಲದಂತಾಗಿ, ಉಳಿದ ಬೆಳಕು ದಾಟಿಹೋಗುತ್ತದೆ. ಇಂಥ ವಸ್ತುವನ್ನು ಪರ್ಯಾಪ್ತಗೊಳ್ಳುವ ಹೀರುಕ ಎನ್ನಬಹುದು. ಎರ್ಬಿಯಂ ಬೆರೆಸಿದ ಗಾಜಿನ ಎಳೆಯನ್ನು ಬಳೆಯಂತೆ ಸುತ್ತಿ, ಅದರೊಳಗೆ ಬೆಳಕು ಸುತ್ತು ಹಾಕುವ ದಾರಿಯಲ್ಲಿ ಈ ಹೀರುಕವನ್ನಿಟ್ಟರೆ, ಪ್ರತಿ ಸುತ್ತಿನಲ್ಲೂ ದುರ್ಬಲ ಬೆಳಕು ಸೋಸಿಹೋಗಿ ಪ್ರಬಲವಾದದ್ದು ಉಳಿದು ಬಲಿಯುತ್ತದೆ. ಕೊನೆಗೆ ಸತತವಾಗಿ ಹರಿಯಬೇಕಾಗಿದ್ದ ಬೆಳಕು ಅತಿಕಿರು ಮಿಡಿತಗಳಾಗಿ ಹೊರಬೀಳುತ್ತದೆ. ಮಿಡಿತದ ಅಳತೆ ಫೆಮ್ಟೊಸೆಕೆಂಡಿನಲ್ಲಿ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಸಿಗುವ ಕಾಲಾವಧಿ ಅದು.

ಈ ಕೆಲಸಕ್ಕೆ 1992ರಿಂದ ಉರ್ಸುಲಾ ಕೆಲ್ಲರ್ ಅವರು ರೂಪಿಸಿದ ಅರೆವಾಹಕ ಕನ್ನಡಿಗಳು ಬಳಕೆಗೆ ಬಂದವು. 2003-04ರ ಸುಮಾರಿಗೆ ಜಪಾನಿನಲ್ಲಿ ಇಂಗಾಲದ ನ್ಯಾನೊಕೊಳವೆಗಳು ಬಂದವು. ಕನ್ನಡಿಗಳ ತಯಾರಿಕೆ ಜಟಿಲ, ಅವು ದುಡಿಯುವ ತರಂಗಾಂತರದ ಹರವೂ ಕಿರಿದು. ಕೊಳವೆಗಳದು ವ್ಯಾಸಕ್ಕೆ ತಕ್ಕ ತರಂಗಾಂತರ. ಗ್ರ್ಯಾಫೀನ್‌ಗೆ ಇಂಥ ಕಟ್ಟುಪಾಡಿಲ್ಲ. 2009ರಲ್ಲಿ ಸಿಂಗಪುರದ ತಂಡವೊಂದು ಗ್ರ್ಯಾಫೀನ್ ಅಳವಡಿಸಿದ ಎಳೆ ಲೇಸರಿನಿಂದ 756 ಫೆಮ್ಟೊಸೆಕೆಂಡಿನ ಮಿಡಿತಗಳನ್ನು ಪಡೆಯಿತು. 2010ರಲ್ಲಿ ಕೇಂಬ್ರಿಡ್ಜಿನ ಫೆರಾರಿ ಅವರ ತಂಡ ಪ್ರಕಟಿಸಿದ ಅಂಕಿ 464.

ಬೆಂಗಳೂರಿನ ಪ್ರಸ್ತಾಪ ಬರಬೇಕಾದುದು ಇಲ್ಲಿ. ಅದೇ 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಂಶೋಧಕರು ಗ್ರ್ಯಾಫೀನನ್ನು ದ್ರವದಲ್ಲಿ ತೇಲಿಬಿಟ್ಟು, 790 ನ್ಯಾನೊಮೀಟರ್ ತರಂಗಾಂತರದ 80 ಫೆಮ್ಟೊಸೆಕೆಂಡ್ ಮಿಡಿತಗಳಿಂದ ಪರೀಕ್ಷಿಸಿದರು. ಹೀರುವಿಕೆ ಪರ್ಯಾಪ್ತಗೊಳ್ಳುವುದನ್ನು ಅವರು ಕಂಡರು. ಕೆರಳಿದ ಎಲೆಕ್ಟ್ರಾನ್‌ಗಳು ಮೊದಲು 130ರಿಂದ 330 ಫೆಮ್ಟೊಸೆಕೆಂಡಿನಲ್ಲಿ ಶಕ್ತಿಯನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ, ಅನಂತರ ಕೆಲವು ಪಿಕೊಸೆಕೆಂಡಿನಲ್ಲಿ ತಣಿಯುತ್ತವೆ ಎಂದು ಅಳೆದರು. ಹೀರುಕ ಮುಂದಿನ ಮಿಡಿತಕ್ಕೆ ಎಷ್ಟು ಬೇಗ ಸಿದ್ಧವಾಗುತ್ತದೆಂಬುದು ಈ ಅಂಕಿಗಳಿಂದ ತಿಳಿಯುತ್ತದೆ. ಇದು ಎಳೆ ಲೇಸರಿನ ನಿರ್ಮಾಣವಲ್ಲ, ಅದಕ್ಕೆ ಬೇಕಾದ ಗುಣದ ಮಾಪನ ಎಂಬುದನ್ನೂ ಸ್ಪಷ್ಟಪಡಿಸಬೇಕು. ಅಭಿಮಾನದಿಂದ ಇದನ್ನು ಹಿಗ್ಗಿಸಿ ಹೇಳುವ ಅಗತ್ಯವಿಲ್ಲ.

ಜಾನಪದ ಅಧ್ಯಯನಕ್ಕೆ ಇಲ್ಲಿ ಕೆಲಸವಿದೆ, ಆದರೆ ಅದು ಪ್ರಾಚೀನತೆಯನ್ನು ಹುಡುಕುವ ಕೆಲಸವಲ್ಲ. ಬಿದರಿ ಕುಶಲಿಗರು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುವುದನ್ನು ವಿದ್ವಾಂಸರು ದಾಖಲಿಸಿದ್ದಾರೆ. ಅಂಟುಪಟ್ಟಿಯಿಂದ ಪದರ ಎಬ್ಬಿಸುವುದು, ದ್ರವದಲ್ಲಿ ತೇಲುವ ಹಾಳೆಗಳು ಮತ್ತೆ ಮುದ್ದೆಗಟ್ಟದಂತೆ ಕಾಯುವುದು ಸಹ ಕೈಗೂಡಿಬರಬೇಕಾದ ವಿದ್ಯೆಗಳೇ. ಯಾರಿಂದ ಕಲಿತಿರಿ, ಎಷ್ಟು ಸಲ ಕೆಟ್ಟಿತು, ಕೆಟ್ಟದ್ದು ಹೇಗೆ ತಿಳಿಯಿತು ಎಂದು ಬಿದರಿಯವರನ್ನು ಕೇಳುವ ಪ್ರಶ್ನೆಗಳನ್ನೇ ಪ್ರಯೋಗಾಲಯದಲ್ಲೂ ಕೇಳಬೇಕಾಗಿದೆ. ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ನಲ್ಲಿ ಪ್ರಕಟವಾದ ಆ ಬೆಂಗಳೂರು ಪ್ರಬಂಧಕ್ಕೆ ಏಳು ಮಂದಿ ಕರ್ತೃಗಳು. ಸಿ.ಎನ್.ಆರ್. ರಾವ್ ಮತ್ತು ಎ.ಕೆ. ಸೂದ್ ಅವರ ಹೆಸರುಗಳು ಸರ್ವವಿದಿತ. ಪ್ರಶ್ನಾವಳಿ ಹಿಡಿದು ಮೊದಲು ಹೋಗಬೇಕಾದುದು ಉಳಿದ ಐವರ ಬಳಿಗೆ.